ನೆಲದ ಹಳೆ ಅಂಟು ತೆಗೆಯಲು ಪೆಟ್ರೋಲ್, ಆ್ಯಸಿಡ್ ಸುರಿಯಬಹುದೇ? ಫಾರ್ವರ್ಡ್ ಮಾಡುವ ಮುನ್ನ ಓದಿ

‘ಹಳೆ ಮ್ಯಾಟಿನ ಗಮ್ ನೆಲ ಬಿಟ್ಟು ಬರುತ್ತಿಲ್ಲವೇ? ಸ್ವಲ್ಪ ಪೆಟ್ರೋಲ್ ಸುರಿಯಿರಿ, ಹತ್ತೇ ನಿಮಿಷದಲ್ಲಿ ನೆಲ ಫಳಫಳ!’ ‘ಬಾತ್‌ರೂಮ್ ಆ್ಯಸಿಡ್ ಹಾಕಿ ಬ್ರಷ್‌ನಿಂದ ಉಜ್ಜಿದರೆ ಎಂಥ ಅಂಟಾದರೂ ಮಾಯ!’ ಮನೆಗೆಲಸದ ಟಿಪ್ಸ್ ಹೆಸರಿನಲ್ಲಿ ಇಂಥ ಸಂದೇಶಗಳು, ಅರ್ಧ ನಿಮಿಷದ ವಿಡಿಯೊಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಸುತ್ತುತ್ತಲೇ ಇರುತ್ತವೆ. ಮೊಬೈಲ್ ನೋಡದ ಗೌಂಡಿಗಳ ಬಾಯಲ್ಲೂ ಇದೇ ಮಾತು: ‘ಏನಿಲ್ರೀ ಅಕ್ಕಾರ, ಒಂದ್ ಲೀಟರ್ ಪೆಟ್ರೋಲ್ ತರಸ್ರಿ, ಎಲ್ಲಾ ಬಿಡಸ್ತೀನಿ.’

ಪೆಟ್ರೋಲಿಗೆ ಕೆಲವು ಬಗೆಯ ಅಂಟು ಕರಗುತ್ತದೆ ಎಂಬುದು ಸುಳ್ಳಲ್ಲ. ಅದಕ್ಕೇ ಈ ಸಲಹೆ ಸಾಯುವುದಿಲ್ಲ. ಆದರೆ ಮುಚ್ಚಿದ ಕೋಣೆಯ ನೆಲಕ್ಕೆ ಪೆಟ್ರೋಲ್ ಸುರಿದಾಗ ಏನಾಗುತ್ತದೆ, ನಮ್ಮ ಕಡೆಯ ಕಲ್ಲಿನ ನೆಲಕ್ಕೆ ಆ್ಯಸಿಡ್ ಬಿದ್ದಾಗ ಏನಾಗುತ್ತದೆ ಎಂಬುದನ್ನು ಯಾವ ಫಾರ್ವರ್ಡ್ ಕೂಡ ಹೇಳುವುದಿಲ್ಲ. ಅದನ್ನು ಇಲ್ಲಿ ನೋಡೋಣ.

ಹೊನವಾಡ, ತಿಕೋಟಾ, ಬಬಲೇಶ್ವರದ ಕಡೆ, ಹಾಗೆಯೇ ವಿಜಯಪುರ ಶಹರದ ಹಳೆ ಓಣಿಗಳಲ್ಲಿ ಬಹಳಷ್ಟು ಮನೆಗಳ ನೆಲ ಫರಸಿಯದು. ಶಹಾಬಾದ್ ಕಲ್ಲು, ಇಲ್ಲವೇ ತಾಳಿಕೋಟಿ ಕಲ್ಲು. ಕಲ್ಲು ಮಾಸಿತು, ಸಂದಿಯ ಸಿಮೆಂಟ್ ಎದ್ದಿತು ಎಂದು ಅದರ ಮೇಲೆ ಬಣ್ಣಬಣ್ಣದ ಪ್ಲಾಸ್ಟಿಕ್ ಮ್ಯಾಟ್, ಅಂದರೆ ಪಿವಿಸಿ ಶೀಟು ಹಾಸಿದವರು ಅನೇಕರು. ಕೆಲವರು ಸುಮ್ಮನೆ ಹಾಸಿರುತ್ತಾರೆ. ಮೂಲೆ ಏಳಬಾರದೆಂದು ಇನ್ನು ಕೆಲವರು ಕೆಳಗೆ ಸೊಲ್ಯೂಷನ್ ಬಳಿಸಿರುತ್ತಾರೆ. ಐದಾರು ವರ್ಷಕ್ಕೆ ಮ್ಯಾಟು ಹರಿಯುತ್ತದೆ. ಮಗಳ ಮದುವೆಯೋ ಮನೆಯ ವಾಸ್ತುವೋ ಬಂದಾಗ ಟೈಲ್ಸ್ ಹಾಕಿಸೋಣ ಎಂದು ಹಳೆ ಮ್ಯಾಟು ಎಳೆದರೆ, ಕಂದು ಬಣ್ಣದ ಜಿಗುಟು ಪದರ ಕಲ್ಲಿನ ಮೇಲೇ ಉಳಿಯುತ್ತದೆ. ಪೆಟ್ರೋಲ್ ಬಾಟಲಿ ಹೊರಗೆ ಬರುವುದು ಆಗಲೇ.

ಅಂಟು ಇದ್ದರೆ ಇರಲಿ, ಮೇಲೆಯೇ ಟೈಲ್ಸ್ ಹಾಕಿದರೆ?

ಹಾಗೆ ಹಾಕಬಾರದು. ಸಿಮೆಂಟ್ ಆಗಲಿ, ಟೈಲ್ಸ್ ಕೂರಿಸುವ ಪುಡಿ ಅಂಟಾಗಲಿ ನೆಲವನ್ನು ಹಿಡಿದುಕೊಳ್ಳುವುದು ಅದರ ಮೈಯ ಸೂಕ್ಷ್ಮ ರಂಧ್ರಗಳ ಮೂಲಕ. ರಬ್ಬರಿನಂಥ ಪದರ ಆ ರಂಧ್ರಗಳನ್ನೆಲ್ಲ ಮುಚ್ಚಿಬಿಟ್ಟಿರುತ್ತದೆ. ಹೊಸ ಸಿಮೆಂಟ್ ಹಿಡಿಯುವುದು ಕಲ್ಲನ್ನಲ್ಲ, ಹಳೆ ಅಂಟನ್ನು. ಆ ಅಂಟು ಮೆತ್ತಗೆ. ಮೇಲೆ ಓಡಾಡಿದಂತೆ ಅದು ಅಲ್ಲಾಡುತ್ತದೆ, ಟೈಲ್ಸ್ ಟೊಳ್ಳು ಸದ್ದು ಮಾಡತೊಡಗುತ್ತವೆ, ಆಮೇಲೆ ಒಂದೊಂದಾಗಿ ಏಳುತ್ತವೆ.

ಮತ್ತೆ ಪ್ಲಾಸ್ಟಿಕ್ ಶೀಟನ್ನೇ ಹಾಸುತ್ತೀರಾದರೂ ತೊಂದರೆ ತಪ್ಪಿದ್ದಲ್ಲ. ಪಿವಿಸಿಯನ್ನು ಮೆತ್ತಗಿಡಲು ಅದರೊಳಗೆ ಎಣ್ಣೆಯಂಥ ರಾಸಾಯನಿಕ ಸೇರಿಸಿರುತ್ತಾರೆ. ಅದು ನಿಧಾನವಾಗಿ ಹಳೆ ಅಂಟಿಗೆ ಇಳಿದು ಅದನ್ನು ಇನ್ನಷ್ಟು ಜಿಗುಟು ಮಾಡುತ್ತದೆ. ಅಂಟಿನ ಬಣ್ಣ ಮೇಲೇರಿ ಹೊಸ ಶೀಟಿನ ಮೇಲೆ ಹಳದಿ, ಕಂದು ಕಲೆಯಾಗಿ ಕಾಣಿಸುತ್ತದೆ. ಆ ಕಲೆ ಒಳಗಿನಿಂದ ಬಂದದ್ದು, ಯಾವ ಫಿನಾಯಿಲ್ ಹಾಕಿ ಒರೆಸಿದರೂ ಹೋಗುವುದಿಲ್ಲ.

ಆದ್ದರಿಂದ ಅಂಟು ತೆಗೆಯಲೇಬೇಕು. ಹೇಗೆ ತೆಗೆಯಬೇಕು ಎಂಬುದೇ ಪ್ರಶ್ನೆ.

ಒಂದು ಲೋಟ ಪೆಟ್ರೋಲಿನ ಲೆಕ್ಕ

ಪೆಟ್ರೋಲ್ ಹತ್ತಿಕೊಳ್ಳಲು ಅದಕ್ಕೆ ನೇರವಾಗಿ ಬೆಂಕಿ ತಾಗಬೇಕು ಎಂದು ತುಂಬ ಜನ ತಿಳಿದಿದ್ದಾರೆ. ನಿಜಕ್ಕೂ ಹೊತ್ತಿಕೊಳ್ಳುವುದು ದ್ರವವಲ್ಲ, ಅದರಿಂದೇಳುವ ಆವಿ. ಯಾವ ಉಷ್ಣತೆಯಲ್ಲಿ ಒಂದು ದ್ರವದಿಂದ ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಏಳುತ್ತದೋ, ಪೆಟ್ರೋಲಿನ ಮಟ್ಟಿಗೆ ಅದು ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಂದರೆ ನಮ್ಮ ಊರಿನ ಯಾವ ಚಳಿಯಲ್ಲೂ, ಯಾವ ಹೊತ್ತಿನಲ್ಲೂ ಅದು ಹೊತ್ತಲು ತಯಾರಾಗಿಯೇ ಇರುತ್ತದೆ.

ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇರಿ ಕಿಟಕಿಯಿಂದ ಹೊರಗೆ ಹೋಗುವುದಿಲ್ಲ. ನೀರಿನಂತೆ ನೆಲದ ಮೇಲೆ ಹರಡುತ್ತದೆ, ಹೊಸ್ತಿಲು ದಾಟುತ್ತದೆ, ಪಕ್ಕದ ಅಡುಗೆ ಮನೆಗೆ ಹೋಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ 1.4 ಭಾಗ ಆದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಲೆಕ್ಕ ಹಾಕಿ ನೋಡಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆ. ನೆಲದಿಂದ ಒಂದು ಅಡಿ ಎತ್ತರದವರೆಗೆ ಅದರಲ್ಲಿರುವ ಗಾಳಿ ಸುಮಾರು 2,800 ಲೀಟರ್. ಅದರಲ್ಲಿ 1.4 ಶೇಕಡಾ ಎಂದರೆ 40 ಲೀಟರ್ ಆವಿ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಸುಮಾರು 200 ಲೀಟರ್ ಆವಿಯಾಗುತ್ತದೆ. ಅಂದರೆ ಆ ಕೋಣೆಯ ತಳಭಾಗವನ್ನು ಹೊತ್ತುವ ಮಟ್ಟಕ್ಕೆ ತರಲು 200 ಮಿಲಿಲೀಟರ್ ಸಾಕು. ಒಂದು ಲೋಟ. ಫಾರ್ವರ್ಡ್ ಹೇಳುವ ‘ಸ್ವಲ್ಪ ಪೆಟ್ರೋಲ್’ ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿಯೇ ಇರುತ್ತದೆ.

ಇನ್ನು ಕಿಡಿ. ನಾವು ಬೀಡಿ ಹಚ್ಚುವುದಿಲ್ಲ, ಒಲೆ ಆರಿಸಿದ್ದೇವೆ ಎನ್ನಬಹುದು. ದೇವರ ಜಗಲಿಯ ದೀಪ? ಊದಿನಕಡ್ಡಿ? ಫ್ರಿಜ್ ತನ್ನಷ್ಟಕ್ಕೆ ತಾನೇ ಆನ್ ಆದಾಗ ಅದರ ಕೆಳಭಾಗದಲ್ಲಿ ಸಣ್ಣ ಕಿಡಿ ಏಳಬಹುದು. ವಾಸನೆ ಹೋಗಲಿ ಎಂದು ಯಾರಾದರೂ ಫ್ಯಾನಿನ ಬಟನ್ ಒತ್ತಿದರೆ ಸ್ವಿಚ್ಚಿನೊಳಗೂ ಕಿಡಿ ಏಳುತ್ತದೆ. ಕಬ್ಬಿಣದ ಚಾಣದಿಂದ ಕಲ್ಲು ಕೆರೆದರೂ ಹಾಗೆಯೇ. ಅಂಟು ಕೆರೆಯುವವರು ಕುಕ್ಕರಗಾಲಿನಲ್ಲಿ ಕುಳಿತು ಕೆಲಸ ಮಾಡುತ್ತಾರೆ, ಅಂದರೆ ಅವರ ಮುಖ, ಎದೆ ಆ ಆವಿಯ ಹತ್ತಿರವೇ ಇರುತ್ತದೆ. ನೈಲಾನ್ ಸೀರೆ, ಸಿಂಥೆಟಿಕ್ ನೈಟಿ ಆಗಿದ್ದರಂತೂ ಕರಗಿ ಮೈಗೆ ಅಂಟುತ್ತದೆ.

ಹೀಗಾಗಿ ಈ ಸಲಹೆಯ ವಿಷಯದಲ್ಲಿ ‘ಜೋಪಾನವಾಗಿ ಮಾಡಿ’ ಎನ್ನಲು ನಾವು ತಯಾರಿಲ್ಲ. ಮನೆಯೊಳಗೆ ಪೆಟ್ರೋಲ್ ಬೇಡವೇ ಬೇಡ.

ಹಾಗಿದ್ದರೆ ಚಿಮಣಿ ಎಣ್ಣೆ? ಥಿನ್ನರ್?

ಸೀಮೆಎಣ್ಣೆ ಈಗ ಮೊದಲಿನಂತೆ ಸಿಗುವುದಿಲ್ಲ. ಆದರೂ ಹಳೆ ಡಬ್ಬಿಯಲ್ಲಿ ಇಟ್ಟುಕೊಂಡವರಿದ್ದಾರೆ. ಅದು ಪೆಟ್ರೋಲಿನಷ್ಟು ಬೇಗ ಹೊತ್ತುವುದಿಲ್ಲ ಎಂಬುದು ನಿಜ, ಹೊತ್ತುವಷ್ಟು ಆವಿ ಏಳಲು 35ರಿಂದ 40 ಡಿಗ್ರಿ ಬೇಕು. ಆದರೆ ಏಪ್ರಿಲ್, ಮೇ ತಿಂಗಳ ವಿಜಯಪುರದಲ್ಲಿ 40 ಡಿಗ್ರಿ ಎನ್ನುವುದು ಸುದ್ದಿಯೇ ಅಲ್ಲ. ಮನೆ ರಿಪೇರಿ ನಡೆಯುವುದೂ ಹೆಚ್ಚಾಗಿ ಬೇಸಿಗೆಯಲ್ಲೇ. ಜೊತೆಗೆ ಇನ್ನೊಂದು ತೊಂದರೆ: ಸೀಮೆಎಣ್ಣೆ ಕಲ್ಲಿನೊಳಗೆ ಇಳಿದು ಎಣ್ಣೆಯ ಪದರ ಬಿಡುತ್ತದೆ. ಅದರ ಮೇಲೆ ಹೊಸ ಅಂಟು ಹಿಡಿಯದು. ‘ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಹಚ್ಚಿ’ ಎಂಬ ಸಲಹೆಗೂ ಇದೇ ಉತ್ತರ. ಸ್ಟೀಲ್ ಡಬ್ಬಿಯ ಮೇಲಿನ ಸ್ಟಿಕ್ಕರ್ ಬಿಡಿಸಲು ಎಣ್ಣೆ ಬಹಳ ಚೆನ್ನ. ಟೈಲ್ಸ್ ಕೂರಿಸಬೇಕಾದ ನೆಲಕ್ಕೆ ಅದು ಶತ್ರು.

ಬಣ್ಣದ ಅಂಗಡಿಯ ಥಿನ್ನರ್‌ನಲ್ಲಿ ಟೊಲ್ವಿನ್‌ನಂಥ ದ್ರಾವಕಗಳಿರುತ್ತವೆ. ಟೊಲ್ವಿನ್ 4 ಡಿಗ್ರಿಯಲ್ಲೇ ಹೊತ್ತುವಷ್ಟು ಆವಿ ಬಿಡುತ್ತದೆ. ಉಸಿರಿನಲ್ಲಿ ಹೋದರೆ ನೇರ ಮಿದುಳಿಗೆ ತಾಗುತ್ತದೆ: ಮೊದಲು ತಲೆನೋವು, ಆಮೇಲೆ ತಲೆ ತಿರುಗುವುದು, ಅಮಲು. ‘ಏನೋ ಹಗುರ ಅನಿಸ್ತದ’ ಎಂದು ಕೆಲಸದವರು ಹೇಳಿದರೆ ಕೂಡಲೇ ಹೊರಗೆ ಕಳಿಸಿ.

ಪೇಂಟ್ ರಿಮೂವರ್ ಎಂದು ಮಾರುವ ಕೆಲವು ದ್ರವಗಳಲ್ಲಿ ಮೀಥೈಲೀನ್ ಕ್ಲೋರೈಡ್ ಇರುತ್ತದೆ. ಇದು ಅಂಟು ತೆಗೆಯುವುದರಲ್ಲಿ ಶೂರ, ಮನುಷ್ಯನನ್ನು ಕೊಲ್ಲುವುದರಲ್ಲೂ. ದೇಹಕ್ಕೆ ಹೋದ ಮೇಲೆ ಇದರ ಒಂದು ಭಾಗ ಕಾರ್ಬನ್ ಮೊನಾಕ್ಸೈಡ್ ಆಗಿ ಬದಲಾಗುತ್ತದೆ, ಮುಚ್ಚಿದ ಕೋಣೆಯಲ್ಲಿ ಎಚ್ಚರ ತಪ್ಪಿಸುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕಾರ 1980ರಿಂದೀಚೆಗೆ ಆ ದೇಶದಲ್ಲಿ ಇದರಿಂದ ಸತ್ತವರು ಕನಿಷ್ಠ 88 ಜನ. ಅವರಲ್ಲಿ ಬಹುತೇಕರು ಮನೆ ರಿಪೇರಿ ಮಾಡುವ ಕೆಲಸಗಾರರು. 2024ರಲ್ಲಿ ಆ ಸಂಸ್ಥೆ ಇದರ ಬಹುಪಾಲು ಬಳಕೆಯನ್ನು ನಿಷೇಧಿಸುವ ನಿಯಮ ತಂದಿತು. ಡಬ್ಬಿಯ ಮೇಲಿನ ಸಣ್ಣ ಅಕ್ಷರದಲ್ಲಿ ಈ ಹೆಸರು ಕಂಡರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ‘ಡೈಕ್ಲೋರೋಮೀಥೇನ್’ ಎಂದು ಬರೆದಿದ್ದರೂ ಅದು ಇದೇ.

ಆ್ಯಸಿಡ್: ಅಂಟು ಹೋಗುವುದಿಲ್ಲ, ಕಲ್ಲು ಹೋಗುತ್ತದೆ

ನಮ್ಮ ಭಾಗದವರು ಮುಖ್ಯವಾಗಿ ತಿಳಿಯಬೇಕಾದ ವಿಷಯ ಇದು. ಬೇರೆ ದೇಶದ ವಿಡಿಯೊದಲ್ಲಿ ತೋರಿಸುವ ನೆಲವೇ ಬೇರೆ, ನಮ್ಮ ನೆಲವೇ ಬೇರೆ.

ಹೊನವಾಡದ ಸುತ್ತ ಭೂಮಿಯಲ್ಲಿ ಸಿಗುವುದು ಕರಿಕಲ್ಲು, ಜ್ವಾಲಾಮುಖಿಯ ಲಾವಾ ಗಟ್ಟಿಯಾಗಿ ಆದದ್ದು. ಆದರೆ ನೆಲಕ್ಕೆ ಹಾಸುವ ಫರಸಿ ಅದಲ್ಲ. ಅದು ಪೂರ್ವಕ್ಕಿರುವ ಭೀಮಾ ಕಣಿವೆಯ ಸುಣ್ಣಕಲ್ಲು. ಕಲಬುರಗಿ ಜಿಲ್ಲೆಯ ಶಹಾಬಾದ್, ಸೇಡಂ, ಚಿತ್ತಾಪುರದಿಂದ ನಮ್ಮ ಜಿಲ್ಲೆಯ ತಾಳಿಕೋಟಿಯವರೆಗೆ ಅದರ ಪದರಗಳಿವೆ. ಕೋಟ್ಯಂತರ ವರ್ಷ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಅದಕ್ಕೇ ಚಪ್ಪಡಿ ಚಪ್ಪಡಿಯಾಗಿ ಏಳುತ್ತದೆ. ಅದೇ ಕಲ್ಲಿನಿಂದ ಸಿಮೆಂಟ್ ಕೂಡ ಮಾಡುತ್ತಾರೆ. ಆ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳು ಅಷ್ಟೊಂದು ಇರುವುದು ಇದೇ ಕಾರಣಕ್ಕೆ.

ಸುಣ್ಣಕಲ್ಲಿನ ಬಹುಭಾಗ ಕ್ಯಾಲ್ಸಿಯಂ ಕಾರ್ಬೋನೇಟ್. ಬಾತ್‌ರೂಮ್ ಆ್ಯಸಿಡ್ ಎಂದು ಕರೆಯುವುದು ಹೈಡ್ರೋಕ್ಲೋರಿಕ್ ಆ್ಯಸಿಡ್. ಇವೆರಡೂ ಸೇರಿದರೆ ಬುರುಬುರು ನೊರೆ ಬರುತ್ತದೆ. ವಿಡಿಯೊ ನೋಡಿದವರಿಗೆ ಅದು ‘ಅಂಟು ಕರಗುತ್ತಿದೆ’ ಎಂದು ಕಾಣುತ್ತದೆ. ನಿಜಕ್ಕೂ ಕರಗುತ್ತಿರುವುದು ಕಲ್ಲು. ನೊರೆ ಎಂದರೆ ಕಲ್ಲಿನಿಂದ ಹೊರಬರುತ್ತಿರುವ ಇಂಗಾಲದ ಡೈಆಕ್ಸೈಡ್. ರಬ್ಬರ್ ಅಂಟಿಗೆ, ಡಾಂಬರಿಗೆ ಈ ಆ್ಯಸಿಡ್ ಏನೂ ಮಾಡುವುದಿಲ್ಲ. ಅಂಟಿನ ಅಂಚಿನ ಕೆಳಗೆ ಕಲ್ಲು ಸವೆದು ಅಲ್ಲಲ್ಲಿ ಒಂದಿಷ್ಟು ಚಕ್ಕೆ ಏಳುತ್ತದೆ. ‘ನೋಡ್ರಿ, ಬಂತು’ ಎಂದು ತೋರಿಸುವುದು ಅದನ್ನೇ.

ನಿಮ್ಮ ನೆಲ ಸುಣ್ಣಕಲ್ಲು ಹೌದೋ ಅಲ್ಲವೋ ನೋಡಬೇಕೆ? ಅಡುಗೆ ಮನೆಯ ಹಳೆ ಫರಸಿ ನೋಡಿ. ಲಿಂಬೆಹಣ್ಣು, ಹುಣಸೆಹುಳಿ ಬಿದ್ದ ಕಡೆ ಹೊಳಪು ಹೋಗಿ ಬಿಳಿಚಿಕೊಂಡಿದ್ದರೆ ಹೌದು. ಲಿಂಬೆಹಣ್ಣಿಗೇ ಹೀಗಾಗುವ ಕಲ್ಲು ಬಾಟಲಿ ಆ್ಯಸಿಡ್‌ಗೆ ತಡೆಯುವುದುಂಟೆ?

ಹಾನಿ ಅಲ್ಲಿಗೇ ನಿಲ್ಲುವುದಿಲ್ಲ. ಈ ಕ್ರಿಯೆಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣ ಹುಟ್ಟುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಂಡು ತಾನೇ ನೀರಾಗುವಂಥದ್ದು. ಕಲ್ಲಿನ ರಂಧ್ರಗಳಲ್ಲಿ, ಸಂದಿಯ ಸಿಮೆಂಟಿನಲ್ಲಿ ಅದು ಉಳಿದರೆ ಮಳೆಗಾಲದಲ್ಲಿ ಆ ಜಾಗ ಒಣಗುವುದೇ ಇಲ್ಲ. ಹೊಸ ನೆಲ ಏಳಲು ಇದೂ ಒಂದು ಕಾರಣ. ಆ್ಯಸಿಡ್ಡಿನ ಹಬೆ ತಿಜೋರಿಯ ಕಾಲು, ಬಾಗಿಲ ಬಿಜಾಗರಿ, ನಲ್ಲಿಗಳಿಗೆಲ್ಲ ತುಕ್ಕು ಹಿಡಿಸುತ್ತದೆ. ಮನುಷ್ಯರ ಗಂಟಲಿಗೆ, ಕಣ್ಣಿಗೆ ಏನು ಮಾಡುತ್ತದೆ ಎಂದು ಪ್ರತ್ಯೇಕ ಹೇಳಬೇಕಿಲ್ಲ.

ಎಲ್ಲಕ್ಕಿಂತ ಅಪಾಯದ ಫಾರ್ವರ್ಡ್ ಎಂದರೆ ‘ಆ್ಯಸಿಡ್ ಜೊತೆಗೆ ಬ್ಲೀಚಿಂಗ್ ಪೌಡರ್ ಸೇರಿಸಿ, ಡಬಲ್ ಪವರ್’ ಎನ್ನುವುದು. ಇವೆರಡು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪರ್ ಎಂಬಲ್ಲಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲ. ಯುದ್ಧದ ಆಯುಧವನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ನಾವೇ ತಯಾರಿಸಿದ ಹಾಗೆ. ಬಾವಿಗೆ, ಟ್ಯಾಂಕಿಗೆ ಹಾಕಲು ತಂದ ಬ್ಲೀಚಿಂಗ್ ಪೌಡರ್ ಬಹಳ ಮನೆಗಳಲ್ಲಿ ಆ್ಯಸಿಡ್ ಬಾಟಲಿಯ ಪಕ್ಕದಲ್ಲೇ ಇರುತ್ತದೆ. ಬೇರೆ ಬೇರೆ ಇಡಿ.

ಸೋಡಾ ಮತ್ತು ವಿನೆಗರ್ ಬೆರೆಸುವ ವಿಡಿಯೊಗಳೂ ಇವೆ. ನೊರೆ ಬರುತ್ತದೆ, ಎರಡೂ ಒಂದನ್ನೊಂದು ಕೊಂದುಕೊಂಡು ಕೊನೆಗೆ ಉಪ್ಪುನೀರಿನಂಥದ್ದು ಉಳಿಯುತ್ತದೆ. ಅಪಾಯವಿಲ್ಲ, ಉಪಯೋಗವೂ ಇಲ್ಲ.

ಮೊದಲು ಅಂಟು ಯಾವುದೆಂದು ನೋಡಿ

ಎಲ್ಲ ಫಾರ್ವರ್ಡ್‌ಗಳ ಮೂಲ ತಪ್ಪು ಇಲ್ಲಿದೆ. ‘ಅಂಟು’ ಎನ್ನುವುದು ಒಂದೇ ವಸ್ತು ಎಂದು ಅವು ತಿಳಿದಿವೆ. ನೆಲದ ಮೇಲೆ ಸಿಗುವ ಅಂಟುಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಪದಾರ್ಥಗಳು. ಒಂದನ್ನು ಕರಗಿಸುವುದು ಇನ್ನೊಂದಕ್ಕೆ ತಾಗುವುದೇ ಇಲ್ಲ.

ಮೂಲೆಯಲ್ಲಿ, ಕಪಾಟಿನ ಹಿಂದೆ, ಅಂಗೈಯಷ್ಟು ಜಾಗದಲ್ಲಿ ಪರೀಕ್ಷೆ ಮಾಡಿ. ಹಳೆ ಟವೆಲನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಅದರ ಮೇಲೆ ಹಾಕಿ, ಇಪ್ಪತ್ತು ನಿಮಿಷ ಬಿಡಿ. ತೆಗೆದಾಗ ಅಂಟು ಬೆಳ್ಳಗಾಗಿ ಮೊಸರಿನಂತೆ ಮೆತ್ತಗಾಗಿದ್ದರೆ ಅದು ನೀರಿನ ಅಂಟು, ಅಂದರೆ ಬಡಗಿಗಳು ಬಳಸುವ ಬಿಳಿ ಫೆವಿಕಾಲ್‌ನ ಜಾತಿ. ನಿಮ್ಮ ಅದೃಷ್ಟ ಚೆನ್ನಾಗಿದೆ. ಬಿಸಿನೀರು ಮತ್ತು ಪ್ಲಾಸ್ಟಿಕ್ ಪಟ್ಟಿಯಲ್ಲೇ ಕೆಲಸ ಮುಗಿಯುತ್ತದೆ.

ಬೆಳ್ಳಗಾಗದೆ, ಹಳದಿ ಅಥವಾ ಕಂದು ಬಣ್ಣದಲ್ಲೇ ಇದ್ದು, ಉಗುರಿನಿಂದ ಎಳೆದರೆ ರಬ್ಬರಿನಂತೆ ಹಿಗ್ಗಿದರೆ ಅದು ಸೊಲ್ಯೂಷನ್. ಫೆವಿಕಾಲ್ ಎಸ್‌ಆರ್‌ನಂಥ ಸಿಂಥೆಟಿಕ್ ರಬ್ಬರ್ ಅಂಟು. ನಮ್ಮ ಕಡೆ ಮ್ಯಾಟಿನ ಕೆಳಗೆ ಹೆಚ್ಚಾಗಿ ಸಿಗುವುದು ಇದೇ. ನೀರಿಗೆ ಇದು ಕರಗುವುದಿಲ್ಲ, ಬಿಸಿಗೆ ಮೆತ್ತಗಾಗುತ್ತದೆ.

ಗಟ್ಟಿಯಾಗಿ, ಬೂದು ಬಣ್ಣದಲ್ಲಿ, ಬಡಿದರೆ ಪುಡಿಯಾಗುವಂತಿದ್ದರೆ ಅದು ಸಿಮೆಂಟಿನ ಅಂಟು. ಇದಕ್ಕೆ ಬಿಸಿಯೂ ಇಲ್ಲ, ದ್ರಾವಕವೂ ಇಲ್ಲ, ಚಾಣ ಇಲ್ಲವೇ ಮಷಿನ್ ಮಾತ್ರ. ಕಪ್ಪಗೆ ಡಾಂಬರಿನಂತಿದ್ದರೆ ಅಲ್ಲಿಗೇ ನಿಲ್ಲಿಸಿ. ಅದರ ವಿಷಯ ಮುಂದೆ ಹೇಳುತ್ತೇವೆ.

ಸೊಲ್ಯೂಷನ್ ತೆಗೆಯುವ ಬಗೆ

ಮ್ಯಾಟು ಇನ್ನೂ ಅಂಟಿಕೊಂಡೇ ಇದ್ದರೆ ಇಡಿಯಾಗಿ ಎಳೆಯಬೇಡಿ. ಬ್ಲೇಡಿನಿಂದ ಗೇಣಗಲದ ಪಟ್ಟಿಗಳಾಗಿ ಸೀಳಿ ಒಂದೊಂದೇ ಪಟ್ಟಿಯನ್ನು ನಿಧಾನಕ್ಕೆ, ನೆಲಕ್ಕೆ ಸಮಾನಾಂತರವಾಗಿ ಹಿಂದಕ್ಕೆ ಎಳೆಯಿರಿ. ಮೇಲಕ್ಕೆ ಎಳೆದರೆ ಮ್ಯಾಟು ಹರಿಯುತ್ತದೆ, ಅದರ ಹಿಂಬದಿಯ ಪದರ ನೆಲದಲ್ಲೇ ಉಳಿದು ಕೆಲಸ ಎರಡರಷ್ಟಾಗುತ್ತದೆ.

ಉಳಿದ ಅಂಟಿಗೆ ಬಿಸಿ ಕೊಡಿ. ಕುದಿಸಿ ಇಳಿಸಿದ ನೀರಿನಲ್ಲಿ ಅದ್ದಿದ ದಪ್ಪ ಟವೆಲ್ ಆಗಬಹುದು, ಕೂದಲು ಒಣಗಿಸುವ ಡ್ರೈಯರ್ ಆಗಬಹುದು. ನೀರು ಮತ್ತು ಡ್ರೈಯರ್ ಒಂದೇ ಜಾಗದಲ್ಲಿ ಬೇಡ, ಶಾಕ್ ಹೊಡೆದೀತು. ಒಂದು ಸಲಕ್ಕೆ ಒಂದು ಕಲ್ಲಿನಷ್ಟೇ ಜಾಗ. ಮೆತ್ತಗಾದ ಕೂಡಲೇ ಅಗಲ ಪಟ್ಟಿಯಿಂದ, ಬಣ್ಣದವರು ಪುಟ್ಟಿ ಹಚ್ಚಲು ಬಳಸುವಂಥದ್ದರಿಂದ, ಓರೆಯಾಗಿ ಹಿಡಿದು ಕೆರೆಯಿರಿ. ಪಟ್ಟಿಗೇ ಅಂಟಿಕೊಂಡು ಪೀಡಿಸಿದರೆ ನೆಲದ ಮೇಲೆ ಒಂದಿಷ್ಟು ಕಟ್ಟಿಗೆ ಹೊಟ್ಟು ಉದುರಿಸಿ. ಅಂಟು ಹೊಟ್ಟಿಗೆ ಹತ್ತಿ ಉಂಡೆಯಾಗಿ ಬರುತ್ತದೆ. ಇದು ನಿಧಾನದ ಕೆಲಸ, ಒಂದು ಕೋಣೆಗೆ ಒಂದು ದಿನ ಹಿಡಿದರೂ ಹಿಡಿಯಬಹುದು. ‘ಹತ್ತೇ ನಿಮಿಷ’ ಎಂದವರು ಪೂರ್ತಿ ಕೋಣೆ ಮಾಡಿ ತೋರಿಸಿದ್ದನ್ನು ನಾವಂತೂ ನೋಡಿಲ್ಲ.

ಕೆಲವು ಅಂಟಿಗೆ ಬಿಸಿಗಿಂತ ತಂಪು ಮೇಲು. ಡಬಲ್ ಟೇಪಿನ ಗಮ್ ಬಿಸಿಗೆ ಇನ್ನಷ್ಟು ಜಿಗಿಯಾಗುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಐಸ್ ತುಂಬಿ ಇಟ್ಟರೆ ಪೆಡಸಾಗಿ ಚಕ್ಕೆಯೇಳುತ್ತದೆ.

ಬೆಂಕಿ ಬರ್ನರ್ ಹಿಡಿದು ಸುಡುವ ವಿಡಿಯೊಗಳನ್ನು ನಂಬಬೇಡಿ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಹೊಗೆ ಬರುತ್ತದೆ. ಜೋರು ಬಿಸಿಗೆ ಫರಸಿಯ ಮೇಲ್ಪದರವೇ ಚಟಪಟ ಎಂದು ಸಿಡಿಯಬಹುದು.

ಇಷ್ಟಾದರೂ ತೆಳು ಪದರ ಉಳಿದು ದ್ರಾವಕ ಬೇಕೇ ಬೇಕು ಎನಿಸಿದರೆ, ಬಣ್ಣದ ಅಂಗಡಿಯ ಟರ್ಪಂಟೈನ್ ಪೆಟ್ರೋಲಿಗಿಂತ, ಥಿನ್ನರಿಗಿಂತ ಕಡಿಮೆ ಅಪಾಯದ್ದು. ಅಪಾಯವೇ ಇಲ್ಲದ್ದಲ್ಲ. ಬೇಸಿಗೆಯ ಮಧ್ಯಾಹ್ನ ಬಿಟ್ಟು ತಂಪು ಹೊತ್ತಿನಲ್ಲಿ ಮಾಡಿ. ಬಾಗಿಲು, ಕಿಟಕಿ ಎಲ್ಲ ತೆರೆದಿರಲಿ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್, ದೇವರ ದೀಪ ಶಾಂತ, ಕೋಣೆಯ ಮೇನ್ ಸ್ವಿಚ್ ಕೆಲಸ ಶುರುವಾಗುವ ಮೊದಲೇ ಆಫ್. ನೆಲಕ್ಕೆ ಸುರಿಯಬೇಡಿ, ಬಟ್ಟೆಗೆ ಸ್ವಲ್ಪ ಹಾಕಿಕೊಂಡು ಒರೆಸಿ. ಡ್ರೈಯರ್ ಹತ್ತಿರವೂ ತರಬೇಡಿ. ಕೊನೆಗೆ ಸೋಪಿನ ನೀರಿನಿಂದ ಎರಡು ಸಲ ತೊಳೆದು ಎಣ್ಣೆಯ ಅಂಶ ತೆಗೆಯಿರಿ. ಬಟ್ಟೆಗಳನ್ನು ಮನೆಯ ಹೊರಗೆ ಬಿಡಿಸಿ ಹರವಿ ಒಣಗಿಸಿ. ಗಟಾರಕ್ಕೆ, ಬಾವಿಯ ಹತ್ತಿರ ಚೆಲ್ಲಬೇಡಿ.

ಮಷಿನ್ ಹಿಡಿದರೆ ಧೂಳು

ಗಟ್ಟಿ ಅಂಟಿಗೆ ಗ್ರೈಂಡರ್ ಹಿಡಿಯುತ್ತಾರೆ. ನಿಮಿಷದಲ್ಲಿ ಮನೆ ತುಂಬ ಬಿಳಿ ಧೂಳು. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲೇ ನಿಲ್ಲುತ್ತದೆ. ತೊಂದರೆ ಕಾಣದ ಧೂಳಿನದು. ಸಿಮೆಂಟಿನಲ್ಲಿ ಬೆರೆತ ಉಸುಕು ಬಹುಮಟ್ಟಿಗೆ ಸಿಲಿಕಾ. ಅದರ ಅತಿ ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಹೋಗಿ ಅಲ್ಲೇ ಕೂರುತ್ತವೆ. ವರ್ಷಗಟ್ಟಲೆ ಹೀಗೆ ಕೆಲಸ ಮಾಡಿದವರಿಗೆ ಸಿಲಿಕೋಸಿಸ್ ಬರುತ್ತದೆ. ಅದು ಬಂದರೆ ವಾಸಿಯಾಗುವುದಿಲ್ಲ. ಕ್ಷಯವೂ ಅಂಥವರನ್ನು ಬೇಗ ಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಸಿಲಿಕಾ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ನಿಮ್ಮ ಮನೆಯ ಒಂದು ದಿನದ ಕೆಲಸದಿಂದ ನಿಮಗೆ ಸಿಲಿಕೋಸಿಸ್ ಬರುತ್ತದೆ ಎಂದು ಹೆದರಬೇಕಿಲ್ಲ. ಆದರೆ ಗ್ರೈಂಡರ್ ಹಿಡಿದ ಹುಡುಗನಿಗೆ ದಿನಾ ಇದೇ ಕೆಲಸ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಆ ಕಣ ತಡೆಯದು, ಎನ್-95 ಮಾಸ್ಕ್ ಬೇಕು. ಕೈಯಿಂದ ಕೆರೆಯುವಾಗ ನೀರು ಚಿಮುಕಿಸುತ್ತ ಕೆರೆದರೆ ಧೂಳು ಏಳುವುದೇ ಇಲ್ಲ. ಮಷಿನ್ ಆದರೆ ಧೂಳೆಳೆಯುವ ವ್ಯಾಕ್ಯೂಮ್ ಜೋಡಿಸಿದ್ದು ಅಥವಾ ನೀರು ಹಾಯಿಸಿ ಬಳಸುವುದಕ್ಕೆಂದೇ ಮಾಡಿದ್ದು ಇರಲಿ. ಸಾಮಾನ್ಯ ಗ್ರೈಂಡರಿಗೆ ನೀರು ಹೊಯ್ದರೆ ಶಾಕ್ ಹೊಡೆಯುತ್ತದೆ. ಮಾಸ್ಕ್ ತಂದುಕೊಡುವುದು ಮನೆಯವರ ಖರ್ಚಿನಲ್ಲೇ ಆಗಬೇಕು ಎಂಬುದು ನಮ್ಮ ಅಭಿಪ್ರಾಯ.

ಇನ್ನು ಆ ಕಪ್ಪು ಅಂಟಿನ ಮಾತು. ಹಳೆ ಸರ್ಕಾರಿ ಕಟ್ಟಡ, ಬ್ಯಾಂಕು, ಆಸ್ಪತ್ರೆ, ಕ್ವಾರ್ಟರ್ಸ್‌ಗಳಲ್ಲಿ ಒಂದು ಅಡಿ ಚೌಕದಷ್ಟಿರುವ, ಬಾಗಿಸಿದರೆ ಮುರಿಯುವ ತೆಳು ಬಿಲ್ಲೆಗಳು ಕಾಣುತ್ತವಲ್ಲ, ಅವುಗಳಲ್ಲಿ ಕೆಲವು ಪಿವಿಸಿಗೆ ಕಲ್ನಾರು ಬೆರೆಸಿ ಮಾಡಿದವು. ಇಂಥ ಬಿಲ್ಲೆಗಳಿಗೆಂದೇ ಭಾರತೀಯ ಮಾನಕವೊಂದಿತ್ತು, ಐಎಸ್ 3461. ಇಂಥವನ್ನು ಅಂಟಿಸಿದ ಕಪ್ಪು ಡಾಂಬರು ಅಂಟಿನಲ್ಲೂ ಕಲ್ನಾರು ಇರುವ ಸಾಧ್ಯತೆ ಇದೆ. ಕಲ್ನಾರಿನ ಎಳೆ ಶ್ವಾಸಕೋಶಕ್ಕೆ ಹೋದರೆ ರೋಗ ಕಾಣಿಸಿಕೊಳ್ಳುವುದು ಇಪ್ಪತ್ತು, ನಲವತ್ತು ವರ್ಷಗಳ ನಂತರ. ನೋಡಿ ಗುರುತಿಸಲು ಸಾಧ್ಯವಿಲ್ಲ, ಪ್ರಯೋಗಾಲಯದಲ್ಲೇ ಪತ್ತೆಯಾಗಬೇಕು. ಅದಕ್ಕೆ ಗ್ರೈಂಡರ್, ಒಣ ಕೆರೆತ ಎರಡೂ ಬೇಡ. ಮುರಿಯದೆ ಗಟ್ಟಿಯಾಗಿ ಕೂತಿದ್ದರೆ ಅದನ್ನು ಹಾಗೇ ಬಿಟ್ಟು ಮೇಲಿನಿಂದ ಹೊಸ ನೆಲ ಮುಚ್ಚುವುದೇ ಜಾಣತನ.

ಏನಾದರೂ ಹೆಚ್ಚುಕಡಿಮೆಯಾದರೆ

ಮಕ್ಕಳು ಟರ್ಪಂಟೈನ್, ಥಿನ್ನರ್, ಸೀಮೆಎಣ್ಣೆ ಕುಡಿದರೆ ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸಬೇಡಿ. ಹೊಟ್ಟೆಯಲ್ಲಿರುವುದಕ್ಕಿಂತ ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಹೋದರೆ ಅಪಾಯ ಹೆಚ್ಚು. ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ನೀರಿನ ಬಾಟಲಿಯಲ್ಲಿ, ತಂಪು ಪಾನೀಯದ ಬಾಟಲಿಯಲ್ಲಿ ಇವನ್ನು ತುಂಬಿಡದಿದ್ದರೆ ಈ ಪ್ರಸಂಗವೇ ಬಾರದು.

ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆದು ಆಮೇಲೆ ವೈದ್ಯರ ಬಳಿ ಹೋಗಿ. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಸುರಿಯಬೇಕು. ಟೂತ್‌ಪೇಸ್ಟ್, ಶಾಯಿ, ಎಣ್ಣೆ ಬೇಡ. ಆ್ಯಸಿಡ್ ಅಥವಾ ಕ್ಲೋರಿನ್ ವಾಸನೆಗೆ ಉಸಿರುಗಟ್ಟಿದರೆ ಎಲ್ಲವನ್ನೂ ಅಲ್ಲೇ ಬಿಟ್ಟು ಬಯಲಿಗೆ ಬನ್ನಿ. ಬಕೆಟ್ ತರಲು ಒಳಗೆ ಹೋಗಬೇಡಿ. ಆಂಬ್ಯುಲೆನ್ಸ್‌ಗೆ 108, ಬೆಂಕಿಗೆ 112.

ಎಷ್ಟು ತೆಗೆದರೆ ಸಾಕು?

ಟೈಲ್ಸ್ ಹಾಕುವುದಾದರೆ ಕಲ್ಲಿನ ಮೈ ಕಾಣಬೇಕು. ಕಲೆ ಉಳಿದರೆ ಪರವಾಗಿಲ್ಲ, ಪದರ ಉಳಿಯಬಾರದು. ಒಂದು ಹನಿ ನೀರು ಹಾಕಿ ನೋಡಿ. ಕಲ್ಲು ಮೆಲ್ಲಗೆ ಹೀರಿಕೊಂಡು ಕಪ್ಪಾದರೆ ಸರಿ, ಮುತ್ತಿನಂತೆ ಮೇಲೇ ನಿಂತರೆ ಇನ್ನೂ ಅಂಟೋ ಎಣ್ಣೆಯೋ ಇದೆ. ಕಲ್ಲು ತೀರಾ ನುಣುಪಾಗಿದ್ದರೆ ಟೈಲ್ಸ್ ಹಿಡಿಯಲಿ ಎಂದು ಗೌಂಡಿ ಅದನ್ನು ಸ್ವಲ್ಪ ಒರಟು ಮಾಡುತ್ತಾರೆ, ಅದು ಬೇರೆ ಮಾತು. ಪ್ಲಾಸ್ಟಿಕ್ ಶೀಟಿಗೆ ಸಣ್ಣ ಉಬ್ಬೂ ಇರಬಾರದು, ಕೆಳಗಿನ ಪ್ರತಿ ಗಂಟೂ ಮೇಲೆ ಎದ್ದು ಕಾಣುತ್ತದೆ. ಒಂದಕ್ಕೊಂದು ಸಿಕ್ಕಿಸುವ, ಅಂಟೇ ಬೇಡದ ಹಲಗೆಗಳಾದರೆ ನೆಲ ಸಮತಟ್ಟಾಗಿ, ಜಿಗುಟಿಲ್ಲದೆ ಇದ್ದರೆ ಸಾಕು.

ಅಂಟೆಲ್ಲ ತೆಗೆದ ಮೇಲೆ ಕೆಳಗಿನ ಫರಸಿಯನ್ನು ಒಮ್ಮೆ ತೊಳೆದು ನೋಡಿ. ಒಳ್ಳೆಯ ಶಹಾಬಾದ್ ಕಲ್ಲಾಗಿದ್ದರೆ ಪಾಲಿಶ್ ಮಷಿನ್ ಹಾಕಿಸಿ ಸಂದಿ ತುಂಬಿಸಿದರೆ ಹೊಸದರಂತಾಗುತ್ತದೆ. ಬೇಸಿಗೆಯಲ್ಲಿ ಕಾಲಿಗೆ ತಂಪು. ಅದರ ಮೇಲೆ ಮತ್ತೆ ಪ್ಲಾಸ್ಟಿಕ್ ಮುಚ್ಚುವುದು ನಮಗಂತೂ ಸರಿ ಕಾಣುವುದಿಲ್ಲ.

ಮುಚ್ಚಲೇಬೇಕು ಎಂದರೆ ಇನ್ನೊಂದು ಪರೀಕ್ಷೆ ಉಳಿದಿದೆ. ಹಳೆ ಮನೆಗಳಲ್ಲಿ ಫರಸಿಯ ಕೆಳಗೆ ಬರಿ ಮಣ್ಣು. ಅದರ ತೇವ ಕಲ್ಲಿನ ಮೂಲಕ ಮೇಲೇರುತ್ತದೆ. ಹೋದ ಸಲ ಮ್ಯಾಟು ಏಳಲು, ಅಂಟು ಒಣಗದೆ ಜಿಗುಟಾಗಿಯೇ ಉಳಿಯಲು ಅದೇ ಕಾರಣ ಇದ್ದಿರಬಹುದು. ಎರಡು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹರವಿ ನಾಲ್ಕೂ ಕಡೆ ಟೇಪಿನಿಂದ ಗಾಳಿಯಾಡದಂತೆ ಮುಚ್ಚಿ. ಒಂದು ಹಗಲು ಒಂದು ರಾತ್ರಿ ಬಿಡಿ. ಮರುದಿನ ಹಾಳೆಯ ಒಳಮೈಗೆ ಹನಿ ಕೂತಿದ್ದರೆ, ಕಲ್ಲು ಕಪ್ಪಾಗಿದ್ದರೆ ಒಳಗೆ ತೇವವಿದೆ. ಹೊಸ ಶೀಟು ಅಂಟಿಸುವ ಮೊದಲು ಆ ತೇವ ಎಲ್ಲಿಂದ ಬರುತ್ತಿದೆ ಎಂದು ಗೌಂಡಿಗೆ ಕೇಳಿ: ಬಚ್ಚಲಿನ ಪೈಪೋ, ಗೋಡೆಯ ಬುಡದಲ್ಲಿ ನಿಲ್ಲುವ ಮಳೆನೀರೋ, ತಳದ ಮಣ್ಣೋ. ಹಾಳೆ ಒಣಗಿಯೇ ಇದ್ದರೆ ಹೊಸ ಹಾಸು ತರಿಸಬಹುದು.